ಚೌಕವೂ ಅಲ್ಲ, ಆಯತವೂ ಅಲ್ಲ

ಫ್ರೀಮೇಸನ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ. ಒಂದು, ರಾತ್ರಿ ಎರಡು ಗಂಟೆಗೆ ಯೂಟ್ಯೂಬ್ ತಾನಾಗೇ ತೋರಿಸುವ 'ಜಗತ್ತನ್ನು ಆಳುವ ರಹಸ್ಯ ಸಂಘ' ಮಾದರಿಯ ವಿಡಿಯೋಗಳು. ಇನ್ನೊಂದು, ಡ್ಯಾನ್ ಬ್ರೌನ್ ಕಾದಂಬರಿಗಳು. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋದ 'ದ ಡಾ ವಿಂಚಿ ಕೋಡ್' ಓದಿದವರಿಗೆ 'ಕೀಸ್ಟೋನ್' ಅನ್ನೋ ಪದ ಗೊತ್ತಿರುತ್ತೆ. ಅಲ್ಲಿ ಎಲ್ಲರೂ ಅದರ ಹಿಂದೆಯೇ ಓಡ್ತಾರೆ. ನಾವು ಸಿವಿಲ್‌ನವರಿಗೆ ಮಾತ್ರ ಆ ಪದ ಪಠ್ಯಪುಸ್ತಕದಿಂದಲೇ ಗೊತ್ತು. ಕಮಾನಿನ ನೆತ್ತಿಯಲ್ಲಿ ಕೂರುವ, ಮೇಲೆ ಅಗಲ, ಕೆಳಗೆ ಕಿರಿದಾದ ಬೆಣೆಯಾಕಾರದ ಕಲ್ಲು. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕಿನ ಪ್ರಶ್ನೆ.

ಆ ಎರಡು ಮಾರ್ಕಿನ ಕಲ್ಲಿನ ಬಗ್ಗೆಯೇ ಈ ಬರಹ. ಕಳೆದ ಸೆಮಿಸ್ಟರಿನಲ್ಲಿ ಸೆಮಿನಾರಿಗೆ ಅಂತ ಕಲ್ಲಿನ ಕಮಾನುಗಳ ವಿಷಯ ತಗೊಂಡಿದ್ದೆ. 'ಕೀಸ್ಟೋನ್' ಅಂತ ಹುಡುಕಿದರೆ ಅರ್ಧ ಪುಟಗಳು ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನವು, ಇನ್ನರ್ಧ ಫ್ರೀಮೇಸನ್‌ಗಳವು. ಮೊದಮೊದಲು ಕಿರಿಕಿರಿ ಆಯ್ತು. ಆಮೇಲೆ ಕುತೂಹಲಕ್ಕೆ ಓದಿದೆ. ಓದಿದ್ದರಲ್ಲಿ ಒಂದು ಸಾಲೂ ಸೆಮಿನಾರಿಗೆ ಉಪಯೋಗಕ್ಕೆ ಬರಲಿಲ್ಲ. ತಲೆಯಿಂದ ಹೋಗಲೂ ಇಲ್ಲ.

ಮೊದಲು ಇವರು ಯಾರು ಅಂತ ಚುಟುಕಾಗಿ ಹೇಳಿಬಿಡ್ತೀನಿ. ಮೇಸನ್ ಅಂದ್ರೆ ಕಲ್ಲುಕುಟಿಗ. ಮಧ್ಯಯುಗದ ಯುರೋಪಿನಲ್ಲಿ ಚರ್ಚು, ಕೋಟೆಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರಿಗೆ ತಮ್ಮದೇ ಕಟ್ಟುಪಾಡುಗಳಿದ್ದವು. ಕೆಲಸದ ಜಾಗದಲ್ಲಿ ಅವರು ಹಾಕಿಕೊಳ್ಳುತ್ತಿದ್ದ ಶೆಡ್ಡಿಗೆ 'ಲಾಡ್ಜ್' ಅಂತ ಹೆಸರು. 17ನೇ ಶತಮಾನದಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ ಉಳಿ ಹಿಡಿದೇ ಗೊತ್ತಿಲ್ಲದ ಜನರೂ ಇಂಥ ಲಾಡ್ಜ್‌ಗಳಿಗೆ ಸೇರತೊಡಗಿದರು. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಶುರುವಾಯಿತು ಅಂತ ಅವರ ಲೆಕ್ಕ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇದು ಭಾರತಕ್ಕೂ ಬಂತು. 1961ರಿಂದ ಇಲ್ಲಿಯದೇ ಆದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಇದೆ.

ಉಳಿ ಬಿಟ್ಟವರು ಉಪಕರಣಗಳನ್ನು ಮಾತ್ರ ಬಿಡಲಿಲ್ಲ. ನಮ್ಮ ಗಾರೆ ಮೇಸ್ತ್ರಿಗಳ ಚೀಲದಲ್ಲಿ ಇರೋ ಸಾಮಾನುಗಳೇ ಅವರ ಸಂಕೇತಗಳು. ಮೂಲೆಮಟ್ಟ ಅಂದ್ರೆ ನಡತೆ ನೇರವಾಗಿರಬೇಕು. ಮಟ್ಟ ನೋಡುವ ಸಾಧನ ಅಂದ್ರೆ ಮನುಷ್ಯರೆಲ್ಲ ಒಂದೇ ಮಟ್ಟ. ತೂಗುಗುಂಡು ಅಂದ್ರೆ ಬಾಗದೆ ನಿಲ್ಲಬೇಕು. ಅವರ 'ಡಿಗ್ರಿ' ನಮ್ಮ ಬಿಇ ಥರದ್ದಲ್ಲ, ಪರೀಕ್ಷೆ ಇಲ್ಲ. ಡಿಗ್ರಿ ಅಂದ್ರೆ ಒಂದು ನಾಟಕ. ಸೇರುವವನೇ ಅದರಲ್ಲಿ ಪಾತ್ರಧಾರಿ, ಆದರೆ ಕಥೆ ಏನು ಅಂತ ಅವನಿಗೆ ಮೊದಲೇ ಹೇಳಿರೋದಿಲ್ಲ. ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್ ಅಂತ ಮೂರು ಮೂಲ ಡಿಗ್ರಿಗಳು. ಇವುಗಳ ಪಕ್ಕದಲ್ಲಿ ಇನ್ನೂ ಹಲವಾರಿವೆ. ಅದರಲ್ಲೊಂದು 'ಮಾರ್ಕ್ ಮಾಸ್ಟರ್'. ಕೀಸ್ಟೋನ್ ಬರೋದು ಇಲ್ಲಿ.

ಗುಟ್ಟಿನ ಆಚರಣೆ ಅಂತಾರೆ, ಆದರೆ ಗುಟ್ಟು ಯಾವತ್ತೋ ರಟ್ಟಾಗಿದೆ. 1866ರಲ್ಲಿ ಅಮೆರಿಕದಲ್ಲಿ ಡಂಕನ್ ಅನ್ನುವವನು ಸಂಭಾಷಣೆ, ಚಿತ್ರ ಸಮೇತ ಎಲ್ಲವನ್ನೂ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಅಮೆರಿಕದ ಆ ಪಾಠದ ಪ್ರಕಾರ ಕಥೆ ಹೀಗಿದೆ.

ಜೆರುಸಲೇಮಿನಲ್ಲಿ ರಾಜ ಸೊಲೊಮೋನನ ದೇವಾಲಯ ಏಳುತ್ತಿದೆ. ಕಲ್ಲುಕುಟಿಗರು ವಾರದ ಕೊನೆಗೆ ತಾವು ಕಡಿದ ಕಲ್ಲುಗಳನ್ನು ತಪಾಸಣೆಗೆ ತರಬೇಕು. ಮೂವರು ಮೇಲ್ವಿಚಾರಕರು ಒಬ್ಬರಾದ ಮೇಲೊಬ್ಬರು ನೋಡ್ತಾರೆ. ಅವರಿಗೆ ಇರೋ ಆದೇಶ ಸರಳ: ಚೌಕದ ಕಲ್ಲು, ಆಯತದ ಕಲ್ಲು, ಇವೆರಡನ್ನೇ ತಗೊಳ್ಳಿ. ಸಾಲಿನಲ್ಲಿ ಬಂದ ಇಬ್ಬರ ಕಲ್ಲು ಸರಿಯಿದೆ, ಪಾಸ್. ಮೂರನೆಯವನ ಕೈಯಲ್ಲಿ ವಿಚಿತ್ರ ಆಕಾರದ ಕಲ್ಲು. ಚೌಕವೂ ಅಲ್ಲ, ಆಯತವೂ ಅಲ್ಲ. ಅದರ ಮೇಲೆ ಯಾರಿಗೂ ಪರಿಚಯವಿಲ್ಲದ ಒಂದು ಗುರುತು ಬೇರೆ. "ಇದು ನಿನ್ನ ಗುರುತಾ?" ಅಂತ ಕೇಳ್ತಾರೆ. ಅಲ್ಲ. "ಎಲ್ಲಿ ಸಿಕ್ತು?" ಕಲ್ಲುಗಣಿಯಲ್ಲಿ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿವರ ಒಂದಿದೆ. ಮೊದಲನೇ ಮೇಲ್ವಿಚಾರಕ ಆ ಕಲ್ಲನ್ನು ತಿರಸ್ಕರಿಸೋದಿಲ್ಲ. ಕೆತ್ತನೆ ಚೆನ್ನಾಗಿದೆ, ಬೇಡ ಅನ್ನೋಕೆ ಮನಸ್ಸು ಬರ್ತಿಲ್ಲ, ಮುಂದಿನವರ ಹತ್ತಿರ ಹೋಗು ಅಂತಾನೆ. ಎರಡನೆಯವನೂ ಅದನ್ನೇ ಹೇಳಿ ಮುಂದಕ್ಕೆ ಕಳಿಸ್ತಾನೆ. ಯಾವುದಾದರೂ ಆಫೀಸಿನಲ್ಲಿ ಒಂದು ಸಹಿಗೆ ಮೂರು ಟೇಬಲ್ ಸುತ್ತಿದವರಿಗೆ ಈ ದೃಶ್ಯ ಹೊಸದಲ್ಲ. ಕೊನೆಯವನು ಉಳಿದಿಬ್ಬರನ್ನೂ ಕರೆದು ಕೇಳ್ತಾನೆ. ಇದು ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾದರೆ ಇದು ಕೆಲಸಕ್ಕೆ ಬರೋದಿಲ್ಲ ಅಂತ ತೀರ್ಮಾನ ಮಾಡಿ ಕಸದ ರಾಶಿಗೆ ಎಸೀತಾರೆ. ಕಲ್ಲು ತಂದವನು ಸಂಬಳದ ಕಿಂಡಿಗೆ ಕೈ ಚಾಚಿದಾಗ ಅವನನ್ನು ಮೋಸಗಾರ ಅಂತ ಹಿಡೀತಾರೆ.

ಆಮೇಲೆ ಕಮಾನು ಕಟ್ಟುವ ಕೆಲಸ ನೆತ್ತಿಗೆ ಬಂದು ನಿಲ್ಲುತ್ತೆ. ಒಂದು ಕಲ್ಲು ಕಡಿಮೆ. ಆ ಕಲ್ಲನ್ನು ಮುಖ್ಯ ಶಿಲ್ಪಿ ಹಿರಾಮ್ ತಾನೇ ಕಡಿದಿದ್ದ, ಅದನ್ನು ಎಲ್ಲಿ ಇಡಬೇಕು ಅಂತ ಹೇಳುವ ಮೊದಲೇ ಅವನ ಕೊಲೆಯಾಗಿತ್ತು. ರಾಜನ ಕಡೆಯಿಂದ ವಿಚಾರಣೆ ಬರುತ್ತೆ, ಇಂಥ ಗುರುತಿರುವ ಕಲ್ಲು ಬಂದಿತ್ತಾ ಅಂತ. ಮೇಲ್ವಿಚಾರಕರು ಮುಖ ಮುಖ ನೋಡಿಕೊಳ್ತಾರೆ. ಕಸದ ರಾಶಿ ಕೆದಕಿದಾಗ ಕಲ್ಲು ಸಿಗುತ್ತೆ.

ಆ ಕಲ್ಲಿನ ಮೇಲಿನ ಗುರುತು ಏನು ಗೊತ್ತಾ? ಒಂದು ವೃತ್ತದ ಸುತ್ತ ಎಂಟು ಇಂಗ್ಲಿಷ್ ಅಕ್ಷರಗಳು: ಎಚ್, ಟಿ, ಡಬ್ಲ್ಯೂ, ಎಸ್, ಎಸ್, ಟಿ, ಕೆ, ಎಸ್. ಬಿಡಿಸಿದರೆ, ಟೈರ್ ಊರಿನ ಹಿರಾಮ್, ವಿಧವೆಯ ಮಗ, ರಾಜ ಸೊಲೊಮೋನನಿಗೆ ಕಳಿಸಿದ್ದು ಅನ್ನುವ ಅರ್ಥ. ಅಂದ್ರೆ ಕೊರಿಯರ್ ಲೇಬಲ್! ಫ್ರಮ್ ಅಡ್ರೆಸ್, ಟು ಅಡ್ರೆಸ್ ಎರಡೂ ಅದರ ಮೇಲೇ ಇತ್ತು. ಓದೋಕೆ ಬರುವವರು ಗೇಟಿನಲ್ಲಿ ಇರಲಿಲ್ಲ ಅಷ್ಟೆ. ವೃತ್ತದ ನಡುವಿನ ಖಾಲಿ ಜಾಗದಲ್ಲಿ ಈ ಡಿಗ್ರಿ ಪಡೆದವನು ತಾನೇ ಆರಿಸಿಕೊಂಡ ತನ್ನ ಗುರುತನ್ನು ಹಾಕಿಕೊಳ್ಳುತ್ತಾನೆ.

ಈ ಕಥೆ ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿದರೆ ಮೂರು ಬೇರೆ ಬೇರೆ ಎಳೆಗಳು ಸಿಗುತ್ತವೆ.

ಮೊದಲನೆಯದು ಗುರುತು. ಇದು ನಿಜವಾದ ಕಲ್ಲುಕುಟಿಗರಿಂದಲೇ ಬಂದದ್ದು. ಯುರೋಪಿನ ಹಳೆಯ ಚರ್ಚುಗಳ ಗೋಡೆಗಳಲ್ಲಿ ಕಲ್ಲಿನ ಮೇಲೆ ಸಣ್ಣ ಸಣ್ಣ ಗೀಟುಗಳ ಚಿಹ್ನೆಗಳು ಕಾಣಿಸುತ್ತವೆ. ಯಾರು ಕಡಿದ ಕಲ್ಲು ಯಾವುದು ಅಂತ ತಿಳಿಯೋಕೆ, ಎಣಿಸಿ ಕೂಲಿ ಕೊಡೋಕೆ ಇದು ಬೇಕಿತ್ತು. ಕೆಲವು ಗುರುತುಗಳು ಯಾವ ಕಲ್ಲು ಯಾವುದರ ಪಕ್ಕ ಕೂರಬೇಕು ಅಂತ ಹೇಳುವಂಥವು. 1598ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ರಾಜನ ಕಟ್ಟಡಗಳ ಮುಖ್ಯಸ್ಥ ವಿಲಿಯಂ ಶಾ ಒಂದು ನಿಯಮಾವಳಿ ಹೊರಡಿಸಿದ. ಫೆಲೋ ಆಗಿ ಸೇರುವವನ ಹೆಸರು ಮತ್ತು ಗುರುತು ಎರಡನ್ನೂ ಪುಸ್ತಕದಲ್ಲಿ ಬರೆದಿಡಬೇಕು ಅಂತ ಅದರಲ್ಲಿದೆ. ಈಗಿನ ಭಾಷೆಯಲ್ಲಿ ಟ್ರೇಸಬಿಲಿಟಿ. ಕಲ್ಲು ಸೀಳಿದರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತೆ. ಫ್ರೀಮೇಸನ್‌ಗಳ ಡಿಗ್ರಿಯಾಗಿ 'ಮಾರ್ಕ್' ಕಾಣಿಸಿಕೊಳ್ಳೋದು 1769ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನ ಒಂದು ಸಭೆಯ ದಾಖಲೆಯಲ್ಲಿ. ಥಾಮಸ್ ಡಂಕರ್ಲಿ ಅನ್ನುವವರು ಅಲ್ಲಿಯ ಸದಸ್ಯರಿಗೆ ಈ ಡಿಗ್ರಿ ಕೊಟ್ಟರು, ಪ್ರತಿಯೊಬ್ಬರೂ ತಮ್ಮ ತಮ್ಮ ಗುರುತು ಆರಿಸಿಕೊಂಡರು ಅಂತ ಆ ದಾಖಲೆ ಹೇಳುತ್ತೆ. ಅದನ್ನು ಬರೆದಿಟ್ಟಿದ್ದು ಸಂಕೇತ ಲಿಪಿಯಲ್ಲಿ. ಅಲ್ಲಿ ಇರೋದು ಗುರುತಿನ ಮಾತು ಮಾತ್ರ, ಕಸದ ರಾಶಿಯ ಕಥೆ ಇಲ್ಲ.

ಎರಡನೆಯ ಎಳೆ ಬೈಬಲ್. ಕಟ್ಟುವವರು ಬೇಡವೆಂದ ಕಲ್ಲೇ ಮುಖ್ಯವಾದ ಮೂಲೆಗಲ್ಲಾದ ಮಾತು 118ನೇ ಕೀರ್ತನೆಯಲ್ಲಿ ಬರುತ್ತೆ. ಯೇಸು ಕೂಡ ಅದನ್ನೇ ಎತ್ತಿ ಹೇಳ್ತಾನೆ. ಚರ್ಚಿಗೆ ಹೋಗುವ ಗೆಳೆಯರಿಗೆ ಇದು ಚಿರಪರಿಚಿತ. ಹೀಬ್ರೂ ಮೂಲದಲ್ಲಿರೋ ಪದಗಳ ಅರ್ಥ 'ಮೂಲೆಯ ತಲೆ' ಅಂತ. ಅದು ಅಡಿಪಾಯದ ಮೂಲೆಯ ಕಲ್ಲೋ, ಗೋಡೆಯ ತುದಿಯ ಕಲ್ಲೋ ಅಂತ ಪಂಡಿತರು ಚರ್ಚೆ ಮಾಡ್ತಾರೆ. ಫ್ರೀಮೇಸನ್‌ಗಳು ಅದನ್ನು ಎತ್ತಿ ಕಮಾನಿನ ನೆತ್ತಿಯಲ್ಲಿಟ್ಟರು. 1797ರಲ್ಲಿ ಥಾಮಸ್ ಸ್ಮಿತ್ ವೆಬ್ ಅಮೆರಿಕದಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ಡಿಗ್ರಿಗೆ ತಿರಸ್ಕೃತ ಕಲ್ಲಿನ ಈ ವಾಕ್ಯಗಳು ಜೋಡಣೆಯಾಗಿವೆ.

ಮೂರನೆಯದು ಕಮಾನು. ನಮ್ಮಂಥವರಿಗೆ ಇಲ್ಲೇ ಅನುಮಾನ ಹುಟ್ಟೋದು. ಸೊಲೊಮೋನನ ದೇವಾಲಯಕ್ಕೆ ದೇವದಾರು ಮರದ ತೊಲೆ, ಹಲಗೆಗಳ ಚಾವಣಿ ಹಾಕಿದರು ಅಂತ ಬೈಬಲ್ಲೇ ವಿವರ ಕೊಡುತ್ತೆ. ಅಲ್ಲಿ ಕಲ್ಲಿನ ಕಮಾನಿನ ಸುದ್ದಿಯೇ ಇಲ್ಲ. ಬೆಣೆಗಲ್ಲು ಜೋಡಿಸಿ ದೊಡ್ಡ ಕಮಾನು ಎತ್ತುವ ಕೆಲಸವನ್ನು ಊರೂರಿಗೆ ಹರಡಿದವರು ಎಷ್ಟೋ ಶತಮಾನ ಆಮೇಲಿನ ರೋಮನ್ನರು. ಹಾಗಾದರೆ ಕೀಸ್ಟೋನ್ ಈ ಕಥೆಯೊಳಗೆ ಹೇಗೆ ನುಗ್ಗಿತು? ನನಗನ್ನಿಸೋದು ಇಷ್ಟು: ಈ ಕಥೆ ಕಟ್ಟಿದವರು 18ನೇ ಶತಮಾನದ ಜನ, ಅವರ ಕಣ್ಣೆದುರೇ ಕಮಾನುಗಳು ಏಳುತ್ತಿದ್ದವು. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ 1750ರಲ್ಲಿ ತೆರೆಯಿತು, ಬ್ಲಾಕ್‌ಫ್ರೈಯರ್ಸ್ ಸೇತುವೆ 1769ರಲ್ಲಿ. ಪೋರ್ಟ್ಸ್‌ಮತ್ ದಾಖಲೆಯ ವರ್ಷವೇ ಅದು.

ಅದೇ ಕಾಲದಲ್ಲಿ ವೇಲ್ಸ್‌ನ ಪಾಂಟಿಪ್ರಿದ್‌ನಲ್ಲಿ ವಿಲಿಯಂ ಎಡ್ವರ್ಡ್ಸ್ ಅನ್ನುವ ಮೇಸ್ತ್ರಿ ಟ್ಯಾಫ್ ನದಿಗೆ ಸೇತುವೆ ಕಟ್ಟೋಕೆ ಹೊರಟು ಮತ್ತೆ ಮತ್ತೆ ಸೋತ. 1746ರಲ್ಲಿ ಕಟ್ಟಿದ್ದು ಪ್ರವಾಹಕ್ಕೆ ಕೊಚ್ಚಿಹೋಯಿತು. ನದಿಯೊಳಗೆ ಕಂಬವೇ ಬೇಡ ಅಂತ 140 ಅಡಿಯ ಒಂದೇ ಕಮಾನು ಹಾಕಿದ. ಎರಡೂ ಬದಿಯ ಭುಜಗಳ ತೂಕ ಜಾಸ್ತಿಯಾಗಿ, ನೆತ್ತಿಯ ಕಲ್ಲುಗಳು ಮೇಲಕ್ಕೆ ಎಗರಿಬಿದ್ದು ಅದೂ ಕುಸಿಯಿತು. ಕೊನೆಗೆ ಭುಜಗಳಲ್ಲಿ ಎರಡೂ ಕಡೆ ಮೂರು ಮೂರು ದುಂಡನೆಯ ತೂತು ಬಿಟ್ಟು ತೂಕ ಇಳಿಸಿದ. 1756ರಲ್ಲಿ ಮುಗಿದ ಆ ಸೇತುವೆ ಈಗಲೂ ನಿಂತಿದೆ. ಕೀಸ್ಟೋನ್ ಎಷ್ಟೇ ಗಟ್ಟಿಯಿರಲಿ, ಉಳಿದ ಕಲ್ಲುಗಳ ಲೆಕ್ಕ ತಪ್ಪಿದರೆ ಅದನ್ನೇ ಎತ್ತಿ ಎಸೆಯುತ್ತವೆ ಅಂತ ಆ ಮೇಸ್ತ್ರಿಗೆ ಗೊತ್ತಾಗಿತ್ತು.

ಇನ್ನೊಂದು ತಮಾಷೆ ಇದೆ. ಈ ಡಿಗ್ರಿಗೆ ಅದರ ಕಥೆಯೇ ಗಂಟುಬಿತ್ತು. 1813ರಲ್ಲಿ ಇಂಗ್ಲೆಂಡಿನ ಎರಡು ಪ್ರತಿಸ್ಪರ್ಧಿ ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದಾಗ ಶುದ್ಧ ಮೇಸನ್ರಿ ಅಂದ್ರೆ ಮೂರೇ ಡಿಗ್ರಿ, ಅದರ ಜೊತೆ ರಾಯಲ್ ಆರ್ಚ್ ಅಂತ ಬರೆದುಕೊಂಡವು. ಮಾರ್ಕ್ ಹೊರಗೆ ಉಳಿಯಿತು. 1856ರ ಮಾರ್ಚಿನಲ್ಲಿ ಅದನ್ನೂ ಒಳಗೆ ಸೇರಿಸಿಕೊಳ್ಳೋಣ ಅಂತ ಒಪ್ಪಿಗೆಯಾಯಿತು. ಜೂನ್ ಸಭೆಯಲ್ಲಿ ಆ ನಡಾವಳಿಯನ್ನೇ ದೃಢೀಕರಿಸದೆ ಬಿಟ್ಟರು. ಚೌಕವೂ ಅಲ್ಲ, ಆಯತವೂ ಅಲ್ಲ ಅನ್ನೋ ಕಥೆ! ಅದೇ ತಿಂಗಳು ಮಾರ್ಕ್‌ನವರು ತಮ್ಮದೇ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ಅದು ಇವತ್ತಿಗೂ ಬೇರೆಯಾಗಿಯೇ ನಡೀತಿದೆ.

ಇಷ್ಟು ಓದಿದ ಮೇಲೆ ಈ ಸಂಕೇತಕ್ಕೆ ಎಲ್ಲರೂ ಕೊಡುವ ಅರ್ಥ ನನಗೂ ಸಲೀಸಾಗಿ ಹೊಳೀತು: ನಿನ್ನನ್ನು ಇವತ್ತು ಬೇಡ ಅಂದವರು ನಾಳೆ ಹುಡುಕಿಕೊಂಡು ಬರ್ತಾರೆ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ವಾಟ್ಸಾಪ್ ಸ್ಟೇಟಸ್‌ಗೆ ಹೇಳಿ ಮಾಡಿಸಿದ ಮಾತು. ಆದರೆ ಆ ಅರ್ಥವನ್ನು ನಮ್ಮ ಲ್ಯಾಬೇ ಕೆಡಿಸಿಬಿಡ್ತು.

ನಮ್ಮ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಮರದ ತುಂಡುಗಳ ಒಂದು ಕಮಾನು ಮಾಡೆಲ್ ಇದೆ. ಹನ್ನೊಂದು ತುಂಡು, ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ನಂಬರ್. ಕೆಳಗೆ ಸೆಂಟ್ರಿಂಗ್ ಥರ ಒಂದು ಅರ್ಧಚಂದ್ರದ ಹಲಗೆ ಇಟ್ಟು, ಎರಡೂ ಕಡೆಯಿಂದ ಜೋಡಿಸುತ್ತಾ ಬಂದು, ಕೊನೆಗೆ ಆರನೇ ನಂಬರ್ ಕೂರಿಸಿ ಹಲಗೆ ಎಳೆದರೆ ಕಮಾನು ನಿಲ್ಲುತ್ತೆ. ಎಲ್ಲರೂ 'ಓಹ್' ಅಂತೀವಿ. ಇನ್‌ಸ್ಟ್ರಕ್ಟರ್ ಸರ್ ಕೇಳಿದರು, "ಯಾವುದನ್ನ ತೆಗೆದ್ರೆ ಬೀಳುತ್ರೋ?" ಎಲ್ಲರೂ ಒಂದೇ ಉಸಿರಿಗೆ "ಕೀಸ್ಟೋನ್ ಸಾರ್" ಅಂದ್ವಿ. ಅವರು ಮೂರನೇ ನಂಬರಿನ ತುಂಡಿಗೆ ಬೆರಳಿಂದ ಒಂದು ಏಟು ಕೊಟ್ಟರು. ಇಡೀ ಕಮಾನು ಟೇಬಲ್ ಮೇಲೆ ಚೆಲ್ಲಿತು. "ಯಾವುದನ್ನ ತೆಗೆದ್ರೂ ಬೀಳುತ್ತೆ. ಕಮಾನಿನಲ್ಲಿ ಸೀನಿಯರ್ ಜೂನಿಯರ್ ಇಲ್ಲ," ಅಂದು ಮತ್ತೆ ಜೋಡಿಸೋಕೆ ಹೇಳಿ ಟೀಗೆ ಹೋದರು.

ಲೆಕ್ಕ ಮಾಡಿದರೆ ಇನ್ನೂ ವಿಚಿತ್ರ. 4 ಮೀಟರ್ ಸ್ಪ್ಯಾನ್, 1 ಮೀಟರ್ ಎತ್ತರದ ಪ್ಯಾರಾಬೋಲಾ ಕಮಾನು, ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಸಮನಾದ ಭಾರ ಅಂತಿಟ್ಟುಕೊಳ್ಳಿ. ಅಡ್ಡ ಒತ್ತಡ 20 ಕಿಲೋನ್ಯೂಟನ್. ನೆತ್ತಿಯಲ್ಲಿ ಲಂಬ ಬಲ ಸೊನ್ನೆ, ಹಾಗಾಗಿ ಕೀಸ್ಟೋನ್ ಮೇಲೆ ಬೀಳೋ ಒತ್ತಡ ಆ 20 ಮಾತ್ರ. ಬುಡದ ಕಲ್ಲಿಗೆ ಆ 20ರ ಜೊತೆ ಇನ್ನೂ 20ರ ಲಂಬ ಬಲ ಸೇರಿ ಒಟ್ಟು ಒತ್ತಡ 28ರ ಮೇಲೆ ಹೋಗುತ್ತೆ. ಅಂದ್ರೆ ಇಂಥ ಕಮಾನಿನಲ್ಲಿ ಅತಿ ಕಡಿಮೆ ಒತ್ತಡ ಹೊರೋದು ನೆತ್ತಿಯ ಕಲ್ಲು. ಚೂಪು ನೆತ್ತಿಯ ಗಾಥಿಕ್ ಕಮಾನುಗಳಲ್ಲಂತೂ ಎಷ್ಟೋ ಸಲ ನೆತ್ತಿಯಲ್ಲಿ ಕಲ್ಲೇ ಇರೋಲ್ಲ, ಎರಡು ಕಲ್ಲುಗಳ ನಡುವಿನ ಸಂದಿ ಇರುತ್ತೆ.

ಹಾಗಾದರೆ ಕೀಸ್ಟೋನಿಗೆ ಇಷ್ಟು ಮರ್ಯಾದೆ ಯಾಕೆ? ಅದು ಕೊನೆಗೆ ಬರುತ್ತೆ, ಅದಕ್ಕೆ. ಅದು ಕೂರುವವರೆಗೆ ಕಮಾನಿನ ಎರಡೂ ಅರ್ಧಗಳು ಸೆಂಟ್ರಿಂಗ್ ಮೇಲೆ ಒರಗಿರುತ್ತವೆ. ಅದು ಕೂತ ಮೇಲೆ ಸೆಂಟ್ರಿಂಗ್ ಬಿಚ್ಚಬಹುದು. ಅದರ ದೊಡ್ಡಸ್ತಿಕೆ ಏನಿದ್ದರೂ ಆ ಹೊತ್ತಿಗೆ ಸೇರಿದ್ದು, ಆ ಕಲ್ಲಿಗೆ ಸೇರಿದ್ದಲ್ಲ. ಮುಂಚೆ ತಂದರೆ ಇಡೋಕೆ ಜಾಗವೇ ಇರೋಲ್ಲ. ಕಥೆಯಲ್ಲಿ ಆಗಿದ್ದೂ ಅದೇ ಅಲ್ವಾ? ಗೋಡೆ ಏಳುತ್ತಿದ್ದ ಹೊತ್ತಿನಲ್ಲಿ ಕಮಾನಿನ ಕಲ್ಲು ಬಂತು. ಗೇಟಿನಲ್ಲಿದ್ದವರ ಹತ್ತಿರ ಗೋಡೆಯ ನಕ್ಷೆ ಮಾತ್ರ ಇತ್ತು.

ಇಲ್ಲಿ ನನ್ನ ರೂಮ್‌ಮೇಟಿನ ವಿಷಯ ಹೇಳಬೇಕು. ಗದಗದ ಕಡೆಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಮಾಡಲಿಲ್ಲ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಮೂರನೇ ಸೆಮಿಸ್ಟರಿಗೆ ಬಂದ. ನಮ್ಮ ಬ್ಯಾಚಿನಲ್ಲಿ ಟೋಟಲ್ ಸ್ಟೇಷನ್ ಹಿಡಿದರೆ ಅವನ ಕೈ ಹಿಡಿಯೋರಿಲ್ಲ. ಬಾರ್ ಬೆಂಡಿಂಗ್ ಶೆಡ್ಯೂಲ್ ಅನುಮಾನ ಬಂದರೆ ನಾವು ಪುಸ್ತಕಕ್ಕಿಂತ ಮೊದಲು ಅವನ ಮಂಚದ ಹತ್ತಿರ ಹೋಗ್ತೀವಿ. ಈ ವರ್ಷ ಒಂದು ಕಂಪನಿ ಬಂತು. ಆನ್‌ಲೈನ್ ಫಾರ್ಮ್‌ನಲ್ಲಿ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಬಿಇ ಅಂತ ಮೂರು ಕಾಲಂ. ಹನ್ನೆರಡರ ಅಂಕ ತುಂಬದೆ 'ನೆಕ್ಸ್ಟ್' ಒತ್ತೋಕೇ ಬಿಡೋಲ್ಲ. ಡಿಪ್ಲೊಮಾ ಅಂತ ಕಾಲಮ್ಮೇ ಇಲ್ಲ.

ಅವನು ಕಂಪನಿಯ ಸಹಾಯವಾಣಿಗೆ ಬರೆದ. ನಿಮ್ಮ ಪ್ರೊಫೈಲ್ ಚೆನ್ನಾಗಿದೆ, ಇನ್ನೊಂದು ವಿಭಾಗವನ್ನು ಸಂಪರ್ಕಿಸಿ ಅಂತ ಉತ್ತರ. ಆ ವಿಭಾಗದವರೂ ಒಳ್ಳೆಯ ಮಾತಾಡಿ ಮತ್ತೊಬ್ಬರ ಮೇಲ್ ಐಡಿ ಕೊಟ್ಟರು. ಮೂರನೆಯವರಿಂದ ಉತ್ತರ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ಯಾರೂ ಅವನನ್ನು ಅವಮಾನ ಮಾಡಲಿಲ್ಲ, ಯಾರೂ 'ನೀನು ಬೇಡ' ಅಂತಲೂ ಅನ್ನಲಿಲ್ಲ. "ಲೇ, ನಾ ಫೇಲ್ ಆಗಿದ್ರ ಬ್ಯಾಸರ ಇರಲಿಲ್ಲ. ನಾ ಓದಿದ್ ಮೂರು ವರ್ಷ ಆ ಫಾರ್ಮಿನ್ಯಾಗ ಇಲ್ಲೇ ಇಲ್ಲಲೇ," ಅಂದ. ಆಮೇಲೆ "ಹೋಗ್ಲಿ ಬಿಡು, ಮುಂದಿಂದು ಬರ್ತೈತಿ" ಅಂತ ಮೆಸ್ಸಿಗೆ ಹೊರಟ. ಆ ರಾತ್ರಿ ನನಗೆ ಚೌಕ ಮತ್ತು ಆಯತದ ಆ ಮೂವರು ಮೇಲ್ವಿಚಾರಕರು ಮತ್ತೆ ನೆನಪಾದರು.

ಅವನೇ ಕೀಸ್ಟೋನ್, ಆ ಕಂಪನಿ ಮುಂದೊಂದು ದಿನ ಕಸದ ರಾಶಿ ಕೆದಕಿಕೊಂಡು ಬರುತ್ತೆ ಅಂತ ನಾನು ಹೇಳ್ತಿಲ್ಲ. ಬರೋಲ್ಲ. ಕಂಪನಿಗಳಿಗೆ ಹಾಗೆ ಹುಡುಕಿಕೊಂಡು ಬರುವ ದರ್ದಿಲ್ಲ, ಸಾಲಿನಲ್ಲಿ ಚೌಕದ ಕಲ್ಲುಗಳು ಬೇಕಾದಷ್ಟಿವೆ. ಕಸದ ರಾಶಿಯಲ್ಲಿ ಇರೋದೆಲ್ಲ ಕೀಸ್ಟೋನೂ ಅಲ್ಲ. ಅಲ್ಲಿ ಬಿರುಕು ಬಿಟ್ಟದ್ದು, ಅಳತೆ ತಪ್ಪಿದ್ದು, ನಿಜವಾಗಿಯೂ ಕೆಲಸಕ್ಕೆ ಬಾರದ್ದು ಸಾಕಷ್ಟಿರುತ್ತೆ. ಕಥೆಯ ಕಲ್ಲು ಕೂಡ ಸುಮ್ಮನೆ 'ಡಿಫರೆಂಟ್' ಆಗಿದ್ದದ್ದಲ್ಲ. ಅದನ್ನು ಒಬ್ಬ ಮುಖ್ಯ ಶಿಲ್ಪಿ ಅಳತೆ ಹಿಡಿದು ಕಡಿದಿದ್ದ. ಕೋನ ಒಂದೆರಡು ಡಿಗ್ರಿ ಆಚೀಚೆ ಆಗಿದ್ದರೆ ಅದು ನೆತ್ತಿಯಲ್ಲೂ ಕೂರುತ್ತಿರಲಿಲ್ಲ.

ಹಾಗಾಗಿ ಈ ಸಂಕೇತ ಬೇಡವಾದ ಕಲ್ಲಿಗೆ ಸಮಾಧಾನ ಹೇಳೋಕೆ ಇರೋದು ಅಂತ ನನಗೆ ಈಗ ಅನ್ನಿಸೋದಿಲ್ಲ. ಇದು ಮೇಲ್ವಿಚಾರಕರಿಗೆ ಹೇಳಿದ ಕಥೆ. ನೋಡಿ, ಆ ಮೂವರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಮೂಲೆಮಟ್ಟ ಇಟ್ಟು ಸರಿಯಾಗಿಯೇ ಅಳೆದರು. ಕೊಟ್ಟ ಆದೇಶದ ಪ್ರಕಾರ ಅವರ ತೀರ್ಮಾನ ನೂರಕ್ಕೆ ನೂರು ಸರಿ. ಕಲ್ಲಿನ ಮೇಲೆ ಗುರುತಿತ್ತು, ಅವರದನ್ನು ಕಂಡೂ ಇದ್ದರು. ಆದರೆ 'ನನ್ನ ಪಟ್ಟಿಯಲ್ಲಿ ಇಲ್ಲ' ಅನ್ನೋದಕ್ಕೂ 'ಕೆಲಸಕ್ಕೆ ಬರೋಲ್ಲ' ಅನ್ನೋದಕ್ಕೂ ನಡುವೆ ಇರುವ ಅಂತರವನ್ನು ಒಂದೇ ಎಸೆತದಲ್ಲಿ ದಾಟಿಬಿಟ್ಟರು. ಪಕ್ಕಕ್ಕೆ ಇಟ್ಟು ವಿಚಾರಿಸಿದ್ದರೆ ಸಾಕಿತ್ತು.

ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಅವರ ಭಾಷೆಯಲ್ಲಿ ಹೇಳೋದಾದರೆ ಇದು ಇಫ್-ಎಲ್ಸ್ ಸಮಸ್ಯೆ. ಚೌಕ ಆದರೆ ತಗೋ, ಆಯತ ಆದರೆ ತಗೋ, ಎಲ್ಸ್ ಎಸಿ. ಕೋಡ್ ಕಂಪೈಲ್ ಆಗುತ್ತೆ, ಟೆಸ್ಟ್ ಕೇಸುಗಳೆಲ್ಲ ಪಾಸ್, ಯಾಕಂದ್ರೆ ಟೆಸ್ಟ್ ಕೇಸ್ ಬರೆದವರಿಗೂ ಚೌಕ, ಆಯತ ಬಿಟ್ಟು ಬೇರೆ ಗೊತ್ತಿರಲಿಲ್ಲ. ಎಲ್ಲೂ ಎರರ್ ಬರೋಲ್ಲ. ಕಮಾನು ನೆತ್ತಿಗೆ ಬಂದಾಗಲೇ ಗೊತ್ತಾಗೋದು. ಎಷ್ಟೋ ಕಡೆ ಕಟ್ಟಡವೇ ಆ ಹಂತಕ್ಕೆ ಬರೋದಿಲ್ಲ, ಹಾಗಾಗಿ ಎಸೆದದ್ದೇನು ಅಂತ ಯಾರಿಗೂ ಯಾವತ್ತೂ ತಿಳಿಯೋದೂ ಇಲ್ಲ.

ಇನ್ನು ಒಂದೆರಡು ವರ್ಷಕ್ಕೆ ನಾವೂ ಯಾವುದೋ ಗೇಟಿನಲ್ಲಿ ಮೂಲೆಮಟ್ಟ ಹಿಡಿದು ನಿಂತಿರ್ತೀವಿ. ಸೈಟಿಗೆ ಬಂದ ಲಾರಿ ಲೋಡು ವಾಪಸ್ ಕಳಿಸೋರು ನಾವೇ, ರೆಸ್ಯೂಮೆ ಸೋಸುವ ಸ್ಕ್ರಿಪ್ಟ್ ಬರೆಯೋರು ನಾವೇ. ಅಷ್ಟು ದೂರ ಯಾಕೆ, ಫೆಸ್ಟಿಗೆ ವಾಲಂಟಿಯರ್ ಆರಿಸೋದು, ಹ್ಯಾಕಥಾನಿಗೆ ಟೀಮ್ ಆರಿಸೋದು ಈಗಲೇ ನಮ್ಮ ಕೈಯಲ್ಲಿದೆ. ಎಲ್ಲರನ್ನೂ ತಗೊಳ್ಳೋಕೆ ಆಗೋಲ್ಲ, ಸರಿ. ಅಳತೆಗೋಲು ಬೇಡ ಅಂತಲೂ ಅಲ್ಲ, ಅಳೆಯದೆ ಕಟ್ಟಿದ್ದು ಬೀಳುತ್ತೆ. ಆದರೆ ಎಲ್ಸ್ ಮುಂದೆ ಏನು ಬರೀತೀವಿ ಅನ್ನೋದು ನಮಗೆ ಬಿಟ್ಟದ್ದು.

ಈ ಸಲ ನಮ್ಮ ಕನ್ನಡ ಕ್ಲಬ್ಬಿನ ಸದಸ್ಯತ್ವದ ಫಾರ್ಮ್ ಮಾಡುವಾಗ 'ಕನ್ನಡ ಓದಲು ಬರೆಯಲು ಬರುತ್ತದೆಯೇ? ಹೌದು / ಇಲ್ಲ' ಅನ್ನೋ ಪ್ರಶ್ನೆ ಇತ್ತು. ಅದರ ಕೆಳಗೆ ಒಂದು ಖಾಲಿ ಡಬ್ಬಿ ಸೇರಿಸಿದ್ವಿ: 'ಈ ಎರಡರಲ್ಲೂ ನೀವು ಸೇರದಿದ್ದರೆ ಇಲ್ಲಿ ಬರೆಯಿರಿ.' ಹದಿನಾಲ್ಕು ಜನ ಏನೋ ಬರೆದಿದ್ದಾರೆ. ಹತ್ತು ಬರೀ ತಮಾಷೆ, ಒಬ್ಬನಂತೂ 'ಬೈಯೋಕೆ ಚೆನ್ನಾಗಿ ಬರುತ್ತೆ' ಅಂತ ಹಾಕಿದ್ದಾನೆ. ಒಬ್ಬಳು ಮಾತ್ರ, ಮುಂಬೈಯಲ್ಲಿ ಬೆಳೆದವಳು, ಅಕ್ಷರ ಬರೋಲ್ಲ, ಆದರೆ ಅಜ್ಜಿ ಹೇಳ್ತಿದ್ದ ಬೀಸುವ ಪದಗಳು ಬಾಯಿಪಾಠ ಇವೆ ಅಂತ ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದಾಳೆ. ಅವಳಿಗೂ ಉಳಿದ ಮೂವರಿಗೂ ಶುಕ್ರವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ ಅಂತ ಹೇಳಿ ಕಳಿಸಿದ್ದೀವಿ.